ಗಂಜಿ ಆರೂ ಹೊತ್ತು

ಕಾಲೇಜು ಬಿಟ್ಟಾಕಿ ಸೀದಾ ಬಂದಳು ದಿಲ್ಶಾದ,
ಮಗ್ಗದ ಕುಣಿ ಅಂಚಿಗೆ ಕುಂತು ಮೊಬೈಲು ಚಾಚಿದಳು:
"ದುನಿಯಾದಾಗಿನ ಊರೂರಿಂದ
ಒಂದೊಂದು ಮೊಳ ಬಟ್ಟಿ ಕೇಳ್ಯಾರ, ಚಿಗವ್ವ.
ಎಲ್ಲಾ ಕೂಡಿಸಿ ಹೊಲದು
ದೊಡ್ಡವರು ಸಭಾ ಮಾಡೂ ಬಾಗಲಕ ಹಾಸತಾರಂತ,
ದಾಟಿ ಹೋಗಾಕ ಬರಬಾರದು ಹಂಗ.
ಬಿಸಲು ಹ್ಯಾಂಗ ಏರೇತಿ,
ಇಳಕಲ್ಲಿನ ಲೆಕ್ಕ ಇಳಕಲ್ಲಿನವರ ನೇದು ಕಳಸ್ರಿ ಅಂದಾರ."

ನಾ ಲಾಳಿ ನಿಲ್ಲಸಲಿಲ್ಲ.
ಬಿಸಲಿನ ಲೆಕ್ಕ ನಮ್ಮಂತ್ಯಾಕ ಎಲ್ಲಿಂದ ಬರಬೇಕು?
ಥರ್ಮಾಮೀಟರ ಇರೂದು ದವಾಖಾನ್ಯಾಗ,
ನಾಲಗಿ ಕೆಳಗ ಇಡಾಕ.

ರಾತ್ರಿ ರೊಟ್ಟಿ ತಟ್ಟೂವಾಗ ನೆನಪಾತು
ಮಾಡದಾಗಿನ ಮಾವನ ವಹಿ.
ನಸಕಿನ್ಯಾಗ ಓಣಿ ಉದ್ದಕ ಹಾಸು ಚಾಚಿ
ಕುಂಚಲೆ ಗಂಜಿ ತೀಡಿದ ಮ್ಯಾಲ
ಆರಾಕ ಎಷ್ಟು ಹೊತ್ತು, ಎಲ್ಲಾ ಬರದಿಟ್ಟಿದ್ದ.
ಅಕ್ಷರ ಬರತಿರಲಿಲ್ಲ ಅವಗ, ಬರೇ ಗೀಟು.
ಒಂದು ಗೀಟು ಅಂದ್ರ
ಒಂದು ಬೀಡಿ ಸೇದಿ ಮುಗಿಸೂವಷ್ಟು ಹೊತ್ತು.

ಮದಲಿನ ಹಾಳ್ಯಾಗ ಹದಿನೆಂಟು ಗೀಟು.
ನಾ ಸೊಸಿಯಾಗಿ ಬಂದ ಯುಗಾದಿಗೆ ಹದಿನೈದು.
ಅವ ಹೋದ ಮ್ಯಾಲ ನಾನ ಬರದೆ.
ನಾ ಬೀಡಿ ಸೇದಾಕಿಲ್ಲ;
ಕಂಡಿಕಿ ಸುತ್ತೂ ಮಾಬೂಬಿ
ಒಂದು ಎಲಿ ಅಡಿಕಿ ಜಗದು ಉಗಳಿದರ ಒಂದು ಗೀಟು.
ಹೋದ ವರ್ಷದ ಹಾಳ್ಯಾಗ ಆರು.

ಓಣಿ ಕೂಡಿತು. ಬಣ್ಣದ ಜಗಳ ಎದ್ದಿತು.
"ಸೆಕಿಗೆ ಕೆಂಪು, ತಂಪಿಗೆ ನೀಲಿ,
ಜಗತ್ತಿನ್ಯಾಗ ಎಲ್ಲಾರೂ ಹಂಗ ಮಾಡ್ಯಾರ," ಅಂದಳು ದಿಲ್ಶಾದ.
ಬಣ್ಣದ ಯಮನೂರಪ್ಪ ಮೊಣಕೈ ತನಕ ನೀಲಿ ಇದ್ದ, ಎದ್ದು ನಿಂತ:
"ಕೆಂಪು ಅಂದ್ರ ಸೆರಗವಾ.
ಕೆಂಪು ಹೊತ್ತು ಬಂದಾವರ ಈ ಮನಿ ತುಂಬ್ಯಾರ.
ಅದಕ್ಯಾಕ ಕೆಟ್ಟ ಹೆಸರು?"

ಹಂಗಾರ ಸೆಕಿಗೆ ಯಾವ ಬಣ್ಣ?
ಯಾರೂ ಮಾತಾಡಲಿಲ್ಲ.
ಕಲ್ಲಿನ ಖಣಿ ಕಡೆ ಒಂದು ಸಲ ಸದ್ದಾತು, ನಿಂತಿತು.
ಮಾಬೂಬಿ ಎದ್ದು ಹೋಗಿ
ಬಣ್ಣ ಕಾಣದ ನೂಲಿನ ಒಂದು ಲಡಿ ತಂದು
ನಡಕ ಒಗದಳು.
ಯಮನೂರಪ್ಪ ನಕ್ಕ: "ವರ್ಷ ಹೋದಂಗ ನನ್ನ ಕೆಲಸ ಕಡಿಮಿ."

ಗೀಟಿಗೆ ಎರಡೆಳಿ ನೀಲಿ, ಉಳಿದದ್ದು ಬಿಳಚು.
ಹನ್ನೊಂದು ಮನಿಯವರು, ಒಂದೊಂದು ರಾತ್ರಿ ಒಬ್ಬೊಬ್ಬರು.
"ಮಜೂರಿ ಯಾರು ಕೊಡತಾರ?" ಅಂತ ಶೇಕಪ್ಪ ಕೇಳಿದ.
ಉತ್ತರ ಸಿಗಲಿಲ್ಲ.
ಮರದಿನ ಬಂದು ಕಡದ ಎಳಿ ಎಲ್ಲಾ ಹೊಸದು ಕೊಟ್ಟು
ಹೇಳದ ಹೋದ.

ಹಳ್ಳ ಓಣಿಗೆ ಬಂದ ವರ್ಷ ಹಾಳಿ ಮ್ಯಾಲ ಗೀಟು ಇಲ್ಲ.
ಕುಣ್ಯಾಗ ಎದಿಮಟ ನೀರು, ಗಂಜಿ ಆರಲೇ ಇಲ್ಲ;
ಬರೇ ರಾಡಿಯ ಕಲೆ, ಒಂದು ಬಟ್ಟಿನ ಗುರುತು.
ಅಲ್ಲಿ ಹೊಕ್ಕು ಹಾಕಲಿಲ್ಲ ನಾನು.
ನಾಕು ಬಟ್ಟು ಹಾಸು ಹಂಗ ಬತ್ತಲೆ ಬಿಟ್ಟೆ.

ತಿಂಗಳಾದ ಮ್ಯಾಲ ಕಾಗದ ಬಂತು:
"ನಿಮ್ಮ ಬಟ್ಟಿ ಹಾದ್ಯಾಗ ಹರದೇತಿ. ಹೊಲದು ಸರಿಮಾಡೂದಾ?"
ನಾ ಹೇಳಿದೆ, ದಿಲ್ಶಾದ ಅವರ ಮಾತಿನ್ಯಾಗ ಬರದಳು:
ಹರದಿಲ್ಲರಿ. ಅದು ನೀರಿನ ವರ್ಷ.
ಸೂಜಿ ಹಚ್ಚಬ್ಯಾಡ್ರಿ ಅದಕ.
ಇನ್ನೊಂದು ಮಾತು, ತುದಿ ನೋಡ್ರಿ, ಕೆಂಪು ಎಳಿ ಸುತ್ತಿ ಬಿಟ್ಟೀವಿ.
ಅವು ಕೊಂಡಿ.
ನಮ್ಮೂರಾಗ ಸೀರಿ ಒಡಲಿಗೆ ಸೆರಗು ಹೊಲಿಯೂದಿಲ್ಲ,
ಎಳಿ ಎಳಿಯೊಳಗ ಹೊಕ್ಕು ಹಿಡಕೊಂತೈತಿ.
ಮಗ್ಗಲ ಊರಿನ ಬಟ್ಟಿ ಯಾವುದರ ಇರಲಿ,
ಅದರ ಎಳಿ ಇದರಾಗ ಪೋಣಸ್ರಿ, ಜಗ್ರಿ.
ಬಿಗಿ ಆದರ ತಿಳೀತು.

ಇವತ್ತು ನಸಕಿನ್ಯಾಗ ಮತ್ತ ಹಾಸು ಚಾಚಿದಿವಿ.
ಮಾಬೂಬಿ ಐದು ಉಗಳಿ ಆರನೇ ಎಲಿಗೆ ಸುಣ್ಣ ಹಚ್ಚಿದ್ದಳು.
ನಾ ಹಾಸಿನ ಮ್ಯಾಲ ಅಂಗೈ ಇಟ್ಟೆ.
ಆರೇತಿ.
ಎಲಿ ಕೈಯಾಗ ಹಿಡಕೊಂಡ ನನ್ನ ಮುಖ ನೋಡಿದಳು:
"ಜಗೀಲ್ಯಾ, ಬಿಡ್ಲ್ಯಾ?"