ತೊದಲು

ಬೇಸಿಗೆಗೆ ಲಕ್ಕವಳ್ಳಿಯ ಹಿನ್ನೀರು ಇಳಿದರೆ
ನಡುಗಡ್ಡೆ ಬೆನ್ನು ತೋರಿಸುತ್ತದೆ.
ರೀವಗಳಿಗೆ ಗೂಡಿಲ್ಲ, ಕಾದ ನೆಲದಲ್ಲೊಂದು ಗುಳಿ ಸಾಕು.

ಮರಿ ಹೊರಬಂದ ಮೇಲೆ ಚಿಪ್ಪು ನನ್ನದು.
ಚಿಮುಟದಲ್ಲಿ ಎತ್ತಿ ಸೀಸೆಗೆ ಹಾಕುವಷ್ಟರಲ್ಲಿ
ನೆತ್ತಿಗೆ ಕುಕ್ಕಿ ಬೈಯುತ್ತವೆ ಹೆತ್ತವು.

“ಚಿಪ್ಪಿಂದ ಏ-ಏನು ಗೊತ್ತಾಗುತ್ತೆ ಮೇಡಂ?”
ಒಳಪೊರೆಯಲ್ಲೊಂದು ಬರಹ ಇದೆ ಅರುಳಪ್ಪ,
ಒಂದೆಡೆ ಎರಡೇ ಅಕ್ಷರ ಸಿಕ್ಕಿಕೊಂಡು
ಸಿಎ ಸಿಎ ಸಿಎ
ಇದಕ್ಕೆ ಹದಿನೇಳು ಸಲ, ಪಕ್ಕದ ಗುಳಿಗೆ ಇಪ್ಪತ್ತೊಂದು.
ಅಪ್ಪನದೊಂದು ಎಣಿಕೆ, ಅಮ್ಮನದೊಂದು.

ಅವನು ಹುಟ್ಟು ಕೆಳಗಿಟ್ಟ.
“ತೊ-ತೊದಲು. ನಮ್ಮಪ್ಪಂದೂ ಹಿಂಗೇ.”

ನಾಲ್ಕನೆಯ ಗುಳಿಯ ಮೂರನೆಯ ಮರಿ
ಕಾವು ಕೂತ ಗಂಡಿನದಲ್ಲ ಎಂದು ಆಗಸ್ಟಿನಲ್ಲಿ ತಿಳಿಯಿತು.
ಗಡ್ಡೆ ಆಗಲೇ ಮುಳುಗಿತ್ತು. ಫೋನಿನಲ್ಲಿ ನಕ್ಕ:
“ಮೀ-ಮೀನು ತಂದ್ಕೊಡ್ತಿತ್ತಲ್ಲ, ಬಿಡಿ.”

ಮೂರು ವರ್ಷ ಕಳೆದು
ಗೊರೂರಿನ ನೀರಿನಾಚೆ, ಯಾರದೋ ಚಿಪ್ಪಿನ ಚೂರಿನಲ್ಲಿ
ಅದೇ ಹದಿನೇಳು. ಉಳಿದ ಎಂಟು ಗುರುತೂ ಕೂಡಿಬಂದವು:
ನಮ್ಮ ಗಡ್ಡೆಯ ಹೆಣ್ಣು, ಅಷ್ಟು ದೂರ.

ಹೇಳೋಣವೆಂದು ಫೋನ್ ಮಾಡಿದೆ.
ಎತ್ತಿದ್ದು ಮೊಮ್ಮಗಳು.
“ಹ-ಹ-ಹ-ಹಲೋ?”

ಎಣಿಸಬಾರದಿತ್ತು.
ಎಣಿಸಿದೆ.