ತಲೆ ಎತ್ತಿ ಸಾರ್

ಮೂವತ್ತೊಂದು ವರ್ಷ ಒಂದೇ ಮಾತು ಆಡಿದೆ ನಾನು
ಹಾಸನದ ಪೆನ್ಷನ್ ಮೊಹಲ್ಲಾದ ಈ ಎರಡು ಕುರ್ಚಿ ಅಂಗಡಿಯಲ್ಲಿ:
ತಲೆ ಬಗ್ಗಿಸಿ ಸಾರ್, ಒಂಚೂರು. ಇನ್ನೊಂಚೂರು.
ವಕೀಲರ ತಲೆ, ಆಲೂಗಡ್ಡೆ ಮಂಡಿ ಸಾಹುಕಾರರ ತಲೆ,
ಒಂದು ಸಲ ಇನ್ಸ್‌ಪೆಕ್ಟರದು—
ಊರಲ್ಲಿ ಯಾರಿಗೂ ಬಾಗದವರು
ನನ್ನ ಎರಡು ಬೆರಳಿಗೆ ಬಾಗಿದರು.

ಈಗ ಆ ಮಾತು ಬೇಕಿಲ್ಲ.
ಬಾಗಿಲು ದಾಟುವಾಗಲೇ ಬಾಗಿರುತ್ತವೆ.
ಬಟ್ಟೆ ಹೊದಿಸಿದರೆ ಬಟ್ಟೆಯೊಳಗೊಂದು ಬೆಳಕು,
ದೀಪ ನುಂಗಿ ಕೂತ ಹಾಗೆ.
ತಲೆ ಎತ್ತಿ ಸಾರ್, ಅನ್ನುತ್ತೇನೆ.
ಎತ್ತುತ್ತಾರೆ. ಕತ್ತರಿ ಎರಡು ಸಲ ಕಚಕ್ ಅನ್ನುವಷ್ಟರಲ್ಲಿ
ಗೋಣು ತಾನೇ ಇಳಿಯುತ್ತದೆ
ತೊಟ್ಟಿಗೆ ಬಂದ ದನದ ಹಾಗೆ.

ಮುಖವನ್ನು ಕನ್ನಡಿಯಲ್ಲಿ ನೋಡುವವನು ನಾನು,
ಕುತ್ತಿಗೆಯನ್ನು ಎದುರಾಎದುರು.
ಅದಕ್ಕೇ ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಯಿತು—
ಕೂದಲ ಗಡಿ ಮುಗಿದು ಕಾಲರ್ ಶುರುವಾಗುವಲ್ಲಿ
ಒಂದು ದಿಬ್ಬ ಏಳುತ್ತಿದೆ, ಗಾಡಿ ಎತ್ತಿನ ಹೆಗಲಿನಂತೆ.
ನೊಗ ಮಾತ್ರ ಕಾಣುವುದಿಲ್ಲ.
ಪಿಯುಸಿ ಹುಡುಗ ಪುನರ್ವಸುವಿಗೆ ಅಡ್ಡ ಮಡಿಕೆ ಮೂರು,
ಅವರಪ್ಪನಿಗೆ ಇನ್ನೂ ಎರಡೇ.

ಆಟೋ ಮುಬಾರಕ್ ಹರಳೆಣ್ಣೆ ಸೀಸೆ ಹಿಡಿದೇ ಬರುತ್ತಾನೆ.
ರಾತ್ರಿ ಎರಡಾದರೂ ಕಣ್ಣು ಹತ್ತಲ್ಲ ತಿರುಮಲಣ್ಣ, ತಟ್ಟು.
ತಟ್ಟುತ್ತೇನೆ. ನಿದ್ದೆ ರೆಪ್ಪೆಯ ತನಕ ಬರುತ್ತದೆ.
ಟಿಂಗ್ ಅಂತದೆ ಜೇಬು.
ಸಾಲ ಕೇಳಲು ಬಂದ ನೆಂಟನಂತೆ
ಹೊಸ್ತಿಲಲ್ಲೇ ತಿರುಗಿ ಹೋಗುತ್ತದೆ ನಿದ್ದೆ.

ಮೊದಲಾದರೆ,
ಅರಸೀಕೆರೆ ಕೊಬ್ಬರಿ ರೇಟು, ಬೇಲೂರು ಕಡೆಯ ಹೆಣ್ಣು,
ಯಾರ ಮಂಡಿ ಮುಳುಗಿತು, ಯಾರ ಕೇಸು ಬಿದ್ದುಹೋಯಿತು
ಎಲ್ಲ ಕೂದಲ ಜೊತೆ ನೆಲಕ್ಕೆ ಉದುರುತ್ತಿತ್ತು.
ಸಂಜೆ ಗುಡಿಸಿದರೆ ಅರ್ಧ ಊರು ಪೊರಕೆಗೆ ಸಿಗುತ್ತಿತ್ತು.
ಈಗ ಬರೀ ಕೂದಲು.
ಬೆಂಚಿನ ಮೇಲೆ ನಾಲ್ವರು, ನಾಲ್ಕು ಬೇರೆ ಬೇರೆ ನಗು.
ಮೊನ್ನೆ ಪಕ್ಕಪಕ್ಕ ಕೂತು ಎದ್ದುಹೋದರು ಇಬ್ಬರು—
ಒಬ್ಬ ಬಾಡಿಗೆ ಮನೆ ಹುಡುಕುತ್ತಿದ್ದವ,
ಒಬ್ಬ ಮನೆ ಖಾಲಿ ಇಟ್ಟುಕೊಂಡು ಕೂತವ.
ನಾನಾದರೂ ಹೇಳಬಹುದಿತ್ತು.
ನನ್ನ ಫೋನೂ ಆಗ ನಡುಗುತ್ತಿತ್ತು.

ಹೂಂ, ನಾನೂ. ಸುಳ್ಳು ಯಾಕೆ?
ಕನ್ನಡಿಯ ಕೆಳಗೆ, ಪೌಡರ್ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇನೆ.
ಯಾವನೋ ಗುರುತಿಲ್ಲದವನು
ಎಲ್ಲೋ ಕೂತು ಹಲಸಿನಹಣ್ಣು ಕೊಯ್ಯುತ್ತಿದ್ದ.
ಏನಿದೆ ಹೇಳಿ ಅದರಲ್ಲಿ ನೋಡಲಿಕ್ಕೆ?
ನೋಡುತ್ತಾ ಮೊಗಣ್ಣನವರ ಕಿವಿ ಕೊಯ್ದೆ.

ಕಿವಿಯಿಂದ ದವಡೆಗೆ, ದವಡೆಯಿಂದ
ಅವರ ಫೋನಿನ ಗಾಜಿಗೆ ಒಂದು ಹನಿ.
ಹೆಬ್ಬೆರಳಲ್ಲಿ ಅದನ್ನು ಮೇಲಕ್ಕೆ ತಳ್ಳಿದರು,
ಮುಂದಿನದು ಬರಲಿ ಅಂತ.
ಇನ್ನೊಮ್ಮೆ ತಳ್ಳಿದರು. ಕೆಂಪು ಗೆರೆ ಉದ್ದವಾಯಿತು.
ಆಮೇಲೆ, ಎಷ್ಟೋ ಹೊತ್ತಿನ ಮೇಲೆ:
ಏನಯ್ಯಾ ಇದು?

ಪಟಿಕ ಒತ್ತಿ ಹಿಡಿದೆ. ಸ್ಸ್ ಅಂದರು.
ರಕ್ತ ನಿಲ್ಲುವ ತನಕ ನನ್ನ ಕೈ ಅವರ ಕಿವಿಯ ಮೇಲೆ,
ಅವರ ಫೋನು ಒದ್ದೆ ಬಟ್ಟೆಯ ಅಡಿಯಲ್ಲಿ.
ಮಾಡಲು ಬೇರೆ ಕೆಲಸವಿಲ್ಲ ಇಬ್ಬರಿಗೂ.
ಮನೇಲಿ ಸದ್ದು ಇರಲಿ ಅಂತ ಹಿಡಿದೆ ಕಣಯ್ಯ ಇದನ್ನ,
ಅಂದರು ಮೊಗಣ್ಣ, ಅವಳು ಹೋದ ಮೇಲೆ.
ಯಾವಾಗ?
ಹೋದ ಕಾರ್ತಿಕದಲ್ಲಿ.

ಕಾರ್ತಿಕದಿಂದ ತಿಂಗಳಿಗೊಂದು ಸಲ
ಇದೇ ತಲೆ ಹಿಡಿದಿದ್ದೇನೆ, ಇದೇ ಕಿವಿ ಮಡಿಸಿದ್ದೇನೆ.
ಬಾಯಿಗೆ ಬಂದ ಮಾತು ಯಾವುದೂ ಸರಿ ಅನ್ನಿಸಲಿಲ್ಲ.
ಪಟಿಕ ಬದಲಿಸಿದೆ.

ಏಳುವಾಗ ಜೇಬು ತಡವುತ್ತಾ ಕೇಳಿದರು:
ಅರ್ಧ ಕಿವಿ ಇಟ್ಟುಕೊಂಡೆಯಲ್ಲ,
ರೇಟಿನಲ್ಲಿ ಎಷ್ಟು ಬಿಡುತ್ತೀಯ?
ಜೋರಾಗಿಯೇ ನಕ್ಕೆವು.
ಬೆಂಚಿನಿಂದ ಒಬ್ಬ, ನಾನು ಹೇಳದೆಯೇ, ತಲೆ ಎತ್ತಿದ.
ನಮ್ಮಿಬ್ಬರನ್ನೂ ನೋಡಿದ.
ಏನೂ ತಿಳಿಯದೆ ಮತ್ತೆ ಬಗ್ಗಿಸಿದ.