ಷರಾ

ಇಪ್ಪತ್ತಾರು ವರ್ಷದ ಹಿಂದೆ ಈ ಆಧಾರ ಬರೆದದ್ದು ನಾನೇ.
ಗುರುತು ಸಿಕ್ಕಿತು, ನನ್ನ 'ಳು' ಬಾಲ ಎಳೆಯುತ್ತದೆ.
ಮೂಲದಲ್ಲಿ ಮಲಯಾಳದ 'ತರಿಶ್' ಎಂದಿತ್ತು,
ಕನ್ನಡದ ಪ್ರತಿಗೆ 'ಪಾಳು' ಎಂದೆ.
ಪೆನ್ನು ತಡೆಯಲಿಲ್ಲ. ಆ ದಿನ ಇನ್ನೂ ಮೂರು ಆಧಾರ ಬಾಕಿ,
ಬದಿಯಡ್ಕದ ಕಚೇರಿ ನಾಲ್ಕಕ್ಕೆ ಬಾಗಿಲು ಹಾಕುತ್ತಿತ್ತು.

ಈಗ ಅದೇ ಬೊಳ್ಳಾರೆ ಪಾರೆ, ಹದಿನೇಳು ಎಕರೆ,
ನಲವತ್ತೆರಡು ವಿಲ್ಲಾ, ಒಂದು ಈಜುಕೊಳ,
ಗೇಟಿಗೆ ಇಂಗ್ಲಿಷಿನ ಹೆಸರು.
ಆಕ್ಷೇಪ ಬರೆದುಕೊಡಿ ಎಂದು ಜಗಲಿ ತುಂಬಾ ಜನ.
ಹೇಳಿ, ಅಲ್ಲಿ ಏನೇನಿದೆ, ಅಂದೆ,
ಕಚೇರಿಗೆ ಪಟ್ಟಿ ಬೇಕು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಚನಿಯ ಕೊನೆಗೆ ಕೆಮ್ಮಿದ: ನೀರು.
ಎಲ್ಲಿಯ ನೀರು, ಪಾರೆ ಕಾದ ಕಾವಲಿಯಾಗಿದೆಯಲ್ಲ?
ಮೇಲೆ ಅಲ್ಲ ಮಾರಾಯ್ರೆ, ಒಳಗೆ.
ನಲವತ್ತು ಸುರಂಗ ಕೊರೆದವ ಅವನು,
ಮೊಂಬತ್ತಿ ನಂದಿದಲ್ಲಿಂದ ತೆವಳಿ ಹಿಂದೆ ಬಂದವ,
ಕಲ್ಲಿಗೆ ಕಿವಿಯಿಟ್ಟು ಇನ್ನೆಷ್ಟು ಕೋಲು ಎಂದು ಹೇಳುವವ.
ಆಟಿಯಲ್ಲಿ ಪಾರೆ ಕುಡಿದದ್ದು
ಸುಗ್ಗಿಯಲ್ಲಿ ಅವ್ವಮ್ಮನ ಹಂಡೆಗೆ ಬೀಳುತ್ತದೆ.
ಬರೆದೆ: ನೀರು. ಸಾಕ್ಷಿ ಇಲ್ಲ.
ಸಾಕ್ಷಿ ಇಲ್ಲವಾ? ಅವ್ವಮ್ಮ ಎದ್ದೇ ನಿಂತಳು,
ಹಂಡೆ ಹೊತ್ತು ತರಲಾ?

ಆಮೇಲೆ ಬಾಯಿ ಬಿಟ್ಟಿತು ಜಗಲಿ.
ಓಣಂಗೆ ಮಕ್ಕಳು ಬುಟ್ಟಿ ತುಂಬುವ ಕಾಕಪ್ಪೂವಿನ ನೀಲಿ,
ಮುಳಿಹುಲ್ಲು, ಗುಳಿಗನ ಕಲ್ಲು,
ಮಳೆಗುಂಡಿಯಲ್ಲಿ ಎರಡೇ ತಿಂಗಳು ಕಾಣಿಸುವ ಕಿರುಮೀನು,
ತುಳುವಿನಲ್ಲಿ ಅದಕ್ಕೆ ಹೆಸರುಂಟು,
ಕನ್ನಡದಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೆ ಆಗ ನಾನು ಪಾಳು ಅನ್ನುತ್ತಿದ್ದೆ.

ಮೆಟ್ಟಿಲ ಬಳಿ ನಿಂತಿದ್ದ ಅಂದುಂಞಿಯ ಮಗ ಜುನೈದ್ ಮಾತ್ರ
ನನಗೆ ಮೂರು ಸೆಂಟು ಜಾಗ ಇಲ್ಲ,
ಅದೂ ಉಂಟಾ ನಿಮ್ಮ ಪಟ್ಟಿಯಲ್ಲಿ, ಎಂದ.
ಟೈಲ್ಸ್ ಹಾಕುವ ಹುಡುಗ. ನಲವತ್ತೆರಡು ಮನೆಯ ನೆಲವೆಂದರೆ
ಅವನಿಗೆ ಎರಡು ವರ್ಷದ ಅನ್ನ.
ಎಲ್ಲರೂ ಅಂಗಳ ನೋಡಿದರು.
ನಾನು ಅದನ್ನು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ.

ಗುರುವಾರ ಅಧಿಕಾರಿ ಬಂದರು. ಜೀಪು, ಕೊಡೆ, ಟೇಪು.
ಮಟಮಟ ಮಧ್ಯಾಹ್ನ, ಮುರಕಲ್ಲು ಚಪ್ಪಲಿಯೊಳಗೂ ಸುಡುತ್ತಿತ್ತು.
'ಇವಿಡೆ ಒನ್ನುಂ ಇಲ್ಲಲ್ಲೋ' ಅಂದರು ಸುತ್ತ ನೋಡಿ,
ಸಿಟ್ಟಿನಿಂದಲ್ಲ, ಪಾಪ, ಹುಡುಕಿಯೇ.
ಇಲ್ಲಿ ಏನೂ ಇಲ್ಲವಂತೆ, ಎಂದು ಕನ್ನಡಕ್ಕೆ ತಂದೆ.
ತರಬಾರದಿತ್ತು.

ಸರ್ವೆಯವನು ಕೆಂಪು ಗೂಟ ಹಿಡಿದು ಬಗ್ಗಿದ್ದೇ ತಡ
ಟಿಟ್ಟಿಭವೊಂದು ಅವನ ನೆತ್ತಿಯ ಮೇಲೆರಗಿ ಕಿರುಚಿತು,
ಮತ್ತೆ ಎದ್ದು, ಮತ್ತೆ ಎರಗಿ.
ಕಾಲು ಎತ್ತಬೇಡಿ! ಕೊರಪೊಳು ಕೂಗಿದಳು.
ಎಲ್ಲರೂ ಇದ್ದಲ್ಲೇ ನಿಂತೆವು,
ಅಧಿಕಾರಿಯೂ, ಅರ್ಧ ಹೆಜ್ಜೆಯಲ್ಲಿ.
ನೋಡುತ್ತ ನೋಡುತ್ತ, ಕಲ್ಲುಗಳ ನಡುವೆ
ನಾಲ್ಕು ಕಲ್ಲು ಕಲ್ಲಾಗಿರಲಿಲ್ಲ.
ಗೂಡಿಲ್ಲ, ಕಡ್ಡಿಯಿಲ್ಲ, ಸುತ್ತ ಒಂದಿಷ್ಟು ಹರಳು,
ಆಡಿನ ಹಿಕ್ಕೆ, ಅಷ್ಟೇ ಕೋಟೆ.

ಒಂದು ಗೂಟ ಎರಡು ಮಾರು ಆಚೆ ಹೋಯಿತು.
ಉಳಿದವು ಗೆರೆ ಎಳೆದಂತೆ ಮುಂದೆ.
ಅಧಿಕಾರಿ ಬೆವರೊರೆಸಿ ನನ್ನ ಕಡೆ ತಿರುಗಿದರು:
ಇದನ್ನು ಏನೆಂದು ಬರೆಯುವುದು?
ಷರಾ ಕಾಲಂ ಅರ್ಧ ಅಂಗುಲ ಅಗಲ.

ವಿಚಾರಣೆ ಬರುವ ತಿಂಗಳು ಇಪ್ಪತ್ತಕ್ಕೆ.
ಅಷ್ಟರಲ್ಲಿ ಮರಿ ಹೊರಬಂದು ನಡೆದುಹೋಗಿರುತ್ತದೆ,
ಕೊರಪೊಳು ಬೆರಳು ಮಡಚಿ ಹೇಳಿದ್ದಾಳೆ.
ಆಮೇಲೆ ಅಲ್ಲಿ ನಿಜಕ್ಕೂ ಏನೂ ಕಾಣಿಸುವುದಿಲ್ಲ.

ರಾತ್ರಿ ಹಳೆಯ ಪ್ರತಿ ತೆಗೆದೆ. ಪಾಳು.
ನೋಂದಾಯಿಸಿದ್ದನ್ನು ತಿದ್ದುವಂತಿಲ್ಲ.
ಆಕ್ಷೇಪದ ಕೊನೆಯ ಹಾಳೆಯಲ್ಲಿ, ರುಜು, ಹೆಬ್ಬೆಟ್ಟುಗಳ ಕೆಳಗೆ
ನಾನೂ ಹೆಸರು ಹಾಕಿದೆ,
ಬಿಕ್ಕಲಂ ಎಂದಲ್ಲ.
ಜುನೈದನಿಗೆ ಒಂದು ಸಾಲು ಬಿಟ್ಟಿದ್ದೇನೆ,
ಪೆನ್ಸಿಲಿನಲ್ಲಿ ಗುರುತು ಹಾಕಿ.